ಎರಡು ಮೀನಿನ ನಡುವಿನ ಗಾಜು

ಹುಡುಗೀರಾ, ನಾನು ತಾಯಿ ಆಗ್ತಿದ್ದೇನೆ, ಮೂರು ತಿಂಗಳು! ಕುಣಿದು ಹೇಳಬೇಕಾದ ಸುದ್ದಿ, ಆದರೆ ಇವತ್ತು ಗಂಗಾವತಿಯ ಈ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ನಮ್ಮವರ ಅಕ್ವೇರಿಯಂನಲ್ಲಿ ಎರಡು ದೊಡ್ಡ ಮೀನಿದ್ದವು: ಅವರು ನಾಲ್ಕು ವರ್ಷ ಸಾಕಿದ ರೋಹು, ಮತ್ತೆ ಕಾಲುವೆಯಲ್ಲಿ ಸಿಕ್ಕ ಕೊರಮೀನು. ನಡುವೆ ಒಂದು ಗಾಜು. ದಿನವಿಡೀ ಎರಡೂ ಆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು. ನಿಶ್ಚಿತಾರ್ಥದ ದಿನ ನಾನೂ ಇವರೂ ಕಿಟಕಿಯ ಆಚೆ ಈಚೆ ಹೀಗೇ ನಿಂತಿದ್ದೆವಲ್ಲ ಅನಿಸಿ, ಬೆಳಿಗ್ಗೆ ಗಾಜು ತೆಗೆದುಬಿಟ್ಟೆ. ಮಧ್ಯಾಹ್ನಕ್ಕೆ ರೋಹು ಹೊಟ್ಟೆ ಹರಿದು ತೇಲುತ್ತಿತ್ತು.

"ಯಾಕ ತಗದಿ?" ಅಂದರು ನಮ್ಮವರು.

"ಪಾಪ ಅನಿಸ್ತು."

"ಆ ಗಾಜು ಇತ್ತಂತ ಅದು ಬದುಕಿತ್ತು," ಅಂದವರೇ ಸತ್ತ ಮೀನನ್ನು ತಮ್ಮ ಟವೆಲ್ಲಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ಹೋದರು.

ಅತ್ತೆ ನನ್ನ ಹೊಟ್ಟೆ ನೋಡಿದರು. "ಬಸರಿ ಕೈಲೆ ಜೀವ ಹೋತು. ಈಗ ಇಲ್ಲಿರೂದು ಬ್ಯಾಡವ್ವಾ, ತವರಿಗೆ ಹೋಗು."

ಹಿತ್ತಲಿಂದ ಬಂದ ನಮ್ಮವರು ಅಟ್ಟದ ಮೇಲಿಂದ ನನ್ನ ಸೂಟ್‌ಕೇಸ್ ಇಳಿಸಿಟ್ಟರು.

ಕೊರಮೀನಿಗೆ ಮಾತ್ರ ಈಗ ಇಡೀ ಅಕ್ವೇರಿಯಂ ಸಿಕ್ಕಿದೆ. ಏಳನೇ ತಿಂಗಳಿಗೆ ಬರಬೇಕಾದವಳು ಈ ಬುಧವಾರವೇ ಬರುತ್ತಿದ್ದೇನೆ, ಕೊಪ್ಪಳದಿಂದ ಹುಬ್ಬಳ್ಳಿ ಪ್ಯಾಸೆಂಜರಿಗೆ.