ಕುರಿ ಎಣಿಸಿದ ರೋಬೋ

ಕಳೆದ ಸೋಮವಾರ ಕುರಿಗಾರ ಕರಿಯಣ್ಣ ಸ್ಟಾಫ್ ರೂಮಿಗೆ ಬಂದ. ನಾನು ಅವನ ಮಗಳಿಗೆ ಕೊಟ್ಟಿದ್ದ ಫಸ್ಟ್ ಪ್ರೈಜನ್ನು ಮೇಜಿನ ಮೇಲಿಟ್ಟ. ಜಾಮಿಟ್ರಿ ಬಾಕ್ಸ್. ಇನ್ನೂ ಹೊಸದು.

"ಇದು ನಿಮ್ದು ವಾದ್ಯಾರೇ. ಮಗಳು ಇನ್ ಇಸ್ಕೂಲಿಗೆ ಬರಾಕಿಲ್ಲ."

ತಪ್ಪು ಯಾರದು? ಹೇಳುತ್ತೇನೆ, ಪೂರ್ತಿ ಕೇಳಿ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗಿನಿಂದ ನನಗೆ ಸೈನ್ಸ್ ಹುಚ್ಚು ಹೆಚ್ಚಾಗಿದೆ (ಇದು ಹೆಂಡತಿಯ ಮಾತು). ಮೇಚೇರಿಯ ನಮ್ಮ ಹೈಸ್ಕೂಲಿನಲ್ಲಿ ಈ ಸಲ ರೋಬೋ ಸ್ಪರ್ಧೆ ಇಟ್ಟೆ. ಮನುಷ್ಯ ಮಾಡುವ ಒಂದು ಕೆಲಸವನ್ನು ತಾನೇ ಮಾಡುವ ಯಂತ್ರ ಕಟ್ಟಬೇಕು. ಬಹುತೇಕರು ರಟ್ಟಿನ ಡಬ್ಬಕ್ಕೆ ಕಣ್ಣು ಬರೆದು, ಒಳಗೆ ಟಾರ್ಚ್ ಬಲ್ಬ್ ಇಟ್ಟು ತಂದರು.

ಒಂಬತ್ತನೇ ಕ್ಲಾಸಿನ ಮಾದೇವಿ, ಅಂದರೆ ಕರಿಯಣ್ಣನ ಮಗಳು, ತಂದದ್ದು ಒಂದು ಹಲಗೆ, ಸೈಕಲ್ಲಿನ ಹಲ್ಲುಚಕ್ರ, ಒಂದು ಗಂಟೆ. ಸಂಜೆ ಹಟ್ಟಿಗೆ ಬರುವ ಒಂದೊಂದು ಕುರಿಯೂ ಹಲಗೆ ತುಳಿಯುತ್ತದೆ, ಬೆಳಗ್ಗೆ ಅವು ಹೊರಟಾಗ ಮುಂದಕ್ಕೆ ತಿರುಗಿದ್ದ ಚಕ್ರ ಒಂದೊಂದೇ ಹಲ್ಲು ಹಿಂದಕ್ಕೆ ತಿರುಗುತ್ತದೆ. ಎಲ್ಲವೂ ಬಂದರೆ ಸದ್ದಿಲ್ಲ. ಒಂದೇ ಒಂದು ಕಡಿಮೆಯಾದರೂ, ಬಾಗಿಲು ಮುಚ್ಚಿದೊಡನೆ ಗಂಟೆ ಹೊಡೆದುಕೊಳ್ಳುತ್ತದೆ. ನಾನು ದಂಗಾದೆ.

ಆದರೆ ಜಡ್ಜ್ ಆದವನು ಕೊಕ್ಕೆ ಹಾಕದೆ ಇರುತ್ತಾನೆಯೇ? "ಎಷ್ಟು ಕುರಿ ಅಂತ ಕಾಣಬೇಕಲ್ಲಮ್ಮ. ನಂಬರ್ ಹಾಕು" ಎಂದೆ.

"ಬ್ಯಾಡ ಸಾರ್. ಕುರಿ ಎಷ್ಟೈತೆ ಅಂತ ಬಾಯ್ಬಿಟ್ಟು ಏಳ್ಬಾರ್ದು. ಅಪ್ಪ ಒಪ್ಪಾಕಿಲ್ಲ. ಅದ್ಕೇ ಗಂಟೆ ಕಟ್ಟಿರೋದು."

ನನಗೂ ಗೊತ್ತಿತ್ತು, ಸ್ವಾಮಿ. ನಮ್ಮದು ನಂಗವಳ್ಳಿ ಕಡೆಯ ಬೇಸಾಯದ ಮನೆ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದವರನ್ನು 'ಎಷ್ಟು ಕುರಿ' ಎಂದು ಅಪ್ಪ ಒಮ್ಮೆಯೂ ಕೇಳಿದವರಲ್ಲ. ದೃಷ್ಟಿ ತಾಗುತ್ತದೆಂಬ ಭಯ. ಸೈನ್ಸ್ ಮೇಷ್ಟ್ರು ಇದಕ್ಕೆಲ್ಲ ಬಗ್ಗುವುದುಂಟೇ? ನಂಬರ್ ಇಲ್ಲದಿದ್ದರೆ ಪ್ರೈಜ್ ಇಲ್ಲ ಎಂದುಬಿಟ್ಟೆ. ಹುಡುಗಿ ಚಕ್ರಕ್ಕೆ ನಂಬರಿನ ಪಟ್ಟಿ ಅಂಟಿಸಿದಳು.

ಸ್ಪರ್ಧೆಯ ದಿನ, ಮಗಳು ಕಟ್ಟಿದ ಗಂಟೆ ನೋಡಲು ಕರಿಯಣ್ಣನೇ ಮಂದೆ ಹೊಡೆದುಕೊಂಡು ಬಂದಿದ್ದ. ಕುರಿಗಳು ಹಲಗೆ ದಾಟಿದವು. ನಾನು ಮೈಕ್ ಹಿಡಿದು ಕೂಗಿದೆ: "ಅರವತ್ತೇಳು!" ಚಪ್ಪಾಳೆಯೋ ಚಪ್ಪಾಳೆ. ಕರಿಯಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಮಂದೆ ಹೊಡೆದುಕೊಂಡು ಹೊರಟುಬಿಟ್ಟ.

ಮೂರೇ ವಾರಕ್ಕೆ ಮಂದೆಗೆ ಭೇದಿ ಹತ್ತಿತು. ಸುತ್ತಲ ಹಳ್ಳಿಗಳಲ್ಲೂ ಇತ್ತು. ಯಾರೂ ಎಣಿಸದ ಕುರಿಗಳೂ ಸತ್ತವು. ಸೋಮವಾರ ಅದನ್ನೇ ಹೇಳಿದೆ, ಓದು ಬಿಡಿಸಬೇಡ ಎಂದು ಬೇಡಿಕೊಂಡೆ.

"ಇರಬೋದು ವಾದ್ಯಾರೇ, ನೀವು ಓದ್ದೋರು. ಊರ್ನಾಗೆ ನನ್ ಮಗಳ ಮುಖ ಕಂಡ್ರೆ, ಕುರಿ ಎಣಿಸಿ ರೋಗ ತಂದೋಳು ಅಂತ ಜನ ಬಾಗ್ಲು ಆಕ್ಕೊತಾರೆ. ಬಂದು ಉಳಿದಿರೋ ಕುರಿ ಎಣಿಸ್ರಿ. ಈಗ ಸುಲ್ಬ ಐತೆ."

ಎಣಿಸಿದರೆ ಕುರಿ ಸಾಯುವುದಿಲ್ಲ. ಈಗಲೂ ಬರೆದುಕೊಡುತ್ತೇನೆ. ಮಾದೇವಿಗೂ ಅದು ಗೊತ್ತಿತ್ತು. ಆದರೂ ಅವಳು ಅಪ್ಪನ ಭಯಕ್ಕೊಂದು ಜಾಗ ಬಿಟ್ಟು ಯಂತ್ರ ಕಟ್ಟಿದ್ದಳು. ನಾನು ಅದನ್ನು ಕೆಡಿಸಿ, ಕೆಡಿಸಿದ್ದಕ್ಕೇ ಪ್ರೈಜ್ ಕೊಟ್ಟೆ. ನಾಚಿಕೆಯಾಗುತ್ತದೆ. 'ಸ್ಪರ್ಧೆಯಿಂದ ಕಲಿತ ಪಾಠಗಳು' ಎಂದು ರಿಪೋರ್ಟ್ ಬರೆಯಿರಿ ಅನ್ನುತ್ತಿದ್ದಾರೆ ಹೆಡ್‌ಮಾಸ್ಟರು. ಏನು ಬರೆಯಲಿ?

ದಿನಾ ಬೆಳಗ್ಗೆ ಒಂಬತ್ತನೇ ಕ್ಲಾಸಿನ ಹಾಜರಿ ಕರೆಯುತ್ತೇನೆ. ಒಬ್ಬಳು ಕಡಿಮೆ.

ಎಲ್ಲಿ, ನಮ್ಮ ಶಾಲೆಯಲ್ಲಿ ಯಾವ ಗಂಟೆಯೂ ಹೊಡೆದುಕೊಳ್ಳಲಿಲ್ಲವಲ್ಲ?