ದೇವರ ಮೇಲೆ ಹಾಕಿದ ತಪ್ಪು

ಶಾಂತವ್ವ, ನಿನ್ನ ಗಂಡ ಸೊಲ್ಲಾಪುರದ ಜೇಲಿನಲ್ಲಿದ್ದಾನೆಂಬ ಗುಟ್ಟನ್ನು ಬಯಲು ಮಾಡಿದವಳು ನಾನೇ. ನೀನು ಎದುರಿಗೆ ನಿಂತು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ. ಹತ್ತು ವರ್ಷದ ಮೇಲಾಯಿತು. ಇಲ್ಲಿಯವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ವಿಜಾಪುರದಲ್ಲಿ ನಮ್ಮ ಚರ್ಚಿನ ಸಭೆಯವರ ಶಾಲೆಯಲ್ಲಿ ಕಲಿಸುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಸ್ಸು ಹತ್ತಿ ತಿಕೋಟಾಕ್ಕೆ ಬಂದು ನಿಮಗೆಲ್ಲ ಹೊಲಿಗೆ ಹೇಳಿಕೊಡುತ್ತಿದ್ದೆ. ಹೊಲಿಗೆ ಒಂದು ನೆಪ — ನಿಮ್ಮಲ್ಲಿ ಒಬ್ಬಳನ್ನಾದರೂ ಯೇಸುವಿನ ಕಡೆಗೆ ತರಬೇಕೆಂಬುದು ನನ್ನ ಹಟ. ನೀವು ಜಂಪರು ಹೊಲಿಯುವುದನ್ನು ಚೆನ್ನಾಗಿ ಕಲಿತಿರಿ, ಅಷ್ಟೇ. ಭಾನುವಾರ ಚರ್ಚಿನಲ್ಲಿ ಉಳಿದವರು ತಾವು ಕರೆತಂದವರ ಸುದ್ದಿ ಹೇಳುವಾಗ ನಾನು ತಲೆ ತಗ್ಗಿಸಿ ಹಾಡಿನ ಪುಸ್ತಕ ತಿರುವುತ್ತಿದ್ದೆ.

ಒಂದು ಶನಿವಾರ ಎಲ್ಲರೂ ಎದ್ದುಹೋದ ಮೇಲೆ ನೀನು ಕೂತೇ ಇದ್ದೆ.

"ಬಾಯಾರ, ನಿಮ್ಮ ದೇವರ ಮುಂದ ಒದರಿ ಕೇಳಬೇಕೇನ್ರಿ? ಮನಸ್ಸಿನ್ಯಾಗ ಕೇಳಿದ್ರ ನಡಿತೈತೇನ್ರಿ?"

"ಮನಸ್ಸಿನ್ಯಾಗ ಕೇಳಿದ್ರೂ ಆತಗ ಕೇಳಸ್ತೈತವ್ವ," ಎಂದೆ. ನಿನಗೆ ನಾನು ದೇವರ ವಿಷಯದಲ್ಲಿ ಹೇಳಿದ ನಿಜವಾದ ಮಾತು ಅದೊಂದೇ ಇರಬೇಕು.

ಆಮೇಲೆ ನೀನು ಹೇಳಿದೆ. ಊರವರು ತಿಳಿದಂತೆ ನಿನ್ನ ಗಂಡ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿರಲಿಲ್ಲ; ಅಲ್ಲಿ ನೂಲು ಕದ್ದು ಸಿಕ್ಕಿಬಿದ್ದು ಜೇಲು ಸೇರಿದ್ದ. "ತಂಗೀದು ಬಬಲೇಶ್ವರದಾಗ ಗಟ್ಟಿ ಆಗೇತ್ರಿ. ಲಗ್ನ ಮುಗಿಯೂತನಕ ಇದು ಯಾರ ಕಿವಿಗೂ ಬೀಳಬಾರದ್ರಿ." ನನ್ನ ಕೈ ಹಿಡಿದುಕೊಂಡು ಹೇಳಿದೆ. ನಾನು ಹೂಂ ಎಂದೆ.

ಮರುದಿನವೇ ಸಭೆ. ನಮ್ಮಲ್ಲೊಂದು ರೂಢಿಯಿದೆ — ಪಾದ್ರಿಗಳು ಪ್ರಾರ್ಥನೆ ಮಾಡುವ ಮೊದಲು ಒಬ್ಬೊಬ್ಬರಾಗಿ ಎದ್ದು, ಯಾರಿಗಾಗಿ ಬೇಡಿಕೊಳ್ಳಬೇಕೆಂದು ಹೇಳುವುದು. ನಾನೂ ಎದ್ದೆ. ತಿಕೋಟಾದ ಒಬ್ಬ ತಾಯಿ ಕಷ್ಟದಲ್ಲಿದ್ದಾಳೆ ಎಂದು ಹೇಳಿ ಕೂತಿದ್ದರೆ ಸಾಕಿತ್ತು. ಹಿರಿಯರೊಬ್ಬರು, "ಹೆಸರು ಹೇಳ್ರಿ ಬಾಯಾರ, ಹೆಸರು ಹಿಡದ ಪ್ರಾರ್ಥನಾ ಮಾಡೂಣು," ಎಂದರು. ಹೇಳಿಬಿಟ್ಟೆ. ನಿನ್ನ ಹೆಸರು, ಗಂಡನ ಹೆಸರು, ಜೇಲು — ಯಾರೂ ಕೇಳದಿದ್ದರೂ ತಂಗಿಯ ಸಂಬಂಧ ಕುದುರಿದ ಊರನ್ನೂ... ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಎಷ್ಟು ಹಿತವಾಗಿತ್ತು! ಇದನ್ನು ಬರೆಯುವುದಕ್ಕೇ ನನಗೆ ಹೆಚ್ಚು ನಾಚಿಕೆ. ಅಂದು ನಾನು ನಿನಗಾಗಿ ಬೇಡಲಿಲ್ಲ ಶಾಂತವ್ವ. ನನ್ನ ಬಳಿಯೂ ಒಬ್ಬಳಿದ್ದಾಳೆ ಎಂದು ಮೆರೆದೆ.

ಸಭೆಯವರು ಕೆಟ್ಟವರಲ್ಲ. "ಪಾಪ, ಆಕೀಗಾಗಿ ಬೇಡಕೋರಿ," ಎನ್ನುತ್ತಲೇ ಒಬ್ಬರಿಂದೊಬ್ಬರಿಗೆ ದಾಟಿಸಿದರು. ವಿಜಾಪುರದಲ್ಲಿ ನಮ್ಮ ಸಭೆಯವರಿರುವ ಜೋರಾಪುರ ಪೇಟೆಯಲ್ಲಿ ಬಬಲೇಶ್ವರದ ಬೀಗರಿಲ್ಲದ ಓಣಿಯಿಲ್ಲ. ತಿಂಗಳು ತುಂಬುವುದರೊಳಗೆ ನಿನ್ನ ತಂಗಿಯ ಸಂಬಂಧ ಮುರಿಯಿತು.

ನೀನು ಚರ್ಚಿಗೆ ಮೊದಲ ಸಲ ಬಂದದ್ದು ಆಗಲೇ. ಒಳಗೆ ಬರಲಿಲ್ಲ, ಗೇಟಿನಲ್ಲಿ ನಿಂತಿದ್ದೆ. ಅಳುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಾಯಾರ, ಯಾರ ಮುಂದ ಹೇಳಿದ್ರಿ?"

"ದೇವರ ಮುಂದ ಅಷ್ಟ ಹೇಳೇನವ್ವ."

"ಹಂಗಾದ್ರ ನಿಮ್ಮ ದೇವರೇ ಹೇಳಿರಬೇಕು ಬಿಡ್ರಿ," ಎಂದು ನೀನು ತಿರುಗಿ ನಡೆದೆ.

ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ದೇವರ ಮೇಲೆ ತಪ್ಪು ಬಿದ್ದರೆ ಬೀಳಲಿ, ನನ್ನ ಮೇಲೆ ಬೀಳದಿದ್ದರೆ ಸರಿ — ಅಷ್ಟು ಸಣ್ಣವಳಾದೆ. ಪಾದ್ರಿಗಳು ನಿನ್ನ ವಿಷಯ ವಿಚಾರಿಸಿದಾಗ, "ಆಕೀ ಮನಸ್ಸು ಭಾಳ ಕಲ್ಲು ಐತ್ರಿ," ಎಂದೆ. ನಿನ್ನ ಕಲ್ಲು ಮನಸ್ಸು ಕರಗಲಿ ಎಂದು ಸಭೆಯೆಲ್ಲ ಬೇಡಿತು. ನಾನೂ ಆಮೆನ್ ಎಂದೆ.

ಆಮೇಲೆ ಹೊಲಿಗೆಯ ತರಗತಿಯನ್ನು ಹೊನವಾಡಕ್ಕೆ ಬದಲಿಸಿಕೊಂಡೆ. ಬಸ್ಸು ನಿಮ್ಮೂರಿನ ಮೇಲೆಯೇ ಹೋಗುತ್ತದಲ್ಲ — ತಿಕೋಟಾದಲ್ಲಿ ನಿಂತಾಗಲೆಲ್ಲ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತಿರುತ್ತಿದ್ದೆ. ನಿನ್ನ ತಂಗಿಗೆ ಮುಂದೆ ಮದುವೆಯಾಯಿತೋ ಇಲ್ಲವೋ... ಕೇಳುವ ಧೈರ್ಯವೂ ಆಗಲಿಲ್ಲ.

ಈಗ ಸಭೆಯ ಹುಡುಗರು, ಹೊರಗಿನವರನ್ನು ನಂಬಿಕೆಗೆ ತರುವುದು ಹೇಗೆಂದು ನನ್ನ ಬಾಯಿಂದ ಕೇಳಬೇಕಂತೆ. ಹಳ್ಳಿ ಹಳ್ಳಿ ಸುತ್ತಿದವಳು ನಾನು, ಅನುಭವಸ್ಥೆ! ಒಬ್ಬಳು ತಾನಾಗಿ ದೇವರ ಬಾಗಿಲಿಗೆ ಬಂದಿದ್ದಳು, ನಾನೇ ಅಡ್ಡ ನಿಂತೆ ಎಂದು ಹೇಳುವವಳಿದ್ದೇನೆ. ಇನ್ನೊಬ್ಬರ ನೋವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವರು ದೇವರ ಸುದ್ದಿ ಎತ್ತಬಾರದು ಎಂದೂ ಹೇಳುತ್ತೇನೆ. ಈ ಸಲ ಹೆಸರು ಹೇಳುವುದಿದ್ದರೆ ನನ್ನದೊಂದೇ.

ಆದರೆ ಅದಕ್ಕೂ ಮೊದಲು, ಈ ಶನಿವಾರ ತಿಕೋಟಾದಲ್ಲಿ ಇಳಿಯುತ್ತೇನೆ. ನೀನು ಕ್ಷಮಿಸಬೇಕೆಂದು ಬರುತ್ತಿಲ್ಲ, ನಮ್ಮ ಸಭೆಗೆ ಕರೆಯುವುದಕ್ಕಂತೂ ಅಲ್ಲ. ಬಾಗಿಲು ತೆರೆಯದಿದ್ದರೂ ಹೊರಗೆ ನಿಂತು, ನಿನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿ ಹೋಗುತ್ತೇನೆ — ದೇವರು ಹೇಳಲಿಲ್ಲ ಶಾಂತವ್ವ, ನಾನು ಹೇಳಿದೆ.