ಮಿರಜ ಸ್ಟೇಷನ್ನಿನಲ್ಲಿ ನಿಂತ ಪ್ರಫುಲ್ಲಾ

ರಾಮಲಿಂಗಪ್ಪನಿಗೆ ಕಾದಂಬರಿ ಎಂದರೆ ಆಗದು ಎಂದೇನಿರಲಿಲ್ಲ. ಕಾದಂಬರಿ ಬರೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಅಪ್ಪಾಸಾಹೇಬರ ಹೆಸರು ಕೇಳಿದರೆ ಸಾಕು, ಅವನ ಮೈಯೆಲ್ಲ ಉರಿಯುತ್ತಿತ್ತು. ಯಾರಿಗಾದರೂ ಉರಿಯಬೇಕಾದ್ದೇ.

ಚಿಕ್ಕೋಡಿ ಕಡೆಯ ಈ ಮನುಷ್ಯ ಪುಣೆಯ ನಾರಾಯಣ ಪೇಠೆಯ ಒಂದು ಛಾಪಖಾನೆಯಲ್ಲಿ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಖಾನೆಯಿಂದ ಒಂದೊಂದಾಗಿ ಹೆಕ್ಕಿ, ತಿರುಗುಮುರುಗಾಗಿ ಸಾಲು ಕಟ್ಟಿ, ಸಾಲು ಸೇರಿಸಿ ಪುಟ ಮಾಡುವ ಕೆಲಸ. ಅಲ್ಲಿ ಮರಾಠಿಗೆ ಎಂಟು ಜನ, ಕನ್ನಡಕ್ಕೆ ಇವನೊಬ್ಬನೇ. ಹದಿನಾಲ್ಕು ವರ್ಷದ ಹಿಂದೆ ಆ ಕನ್ನಡ ಮೊಳೆಗಳನ್ನು ಗೋಣಿಚೀಲದಲ್ಲಿ ತುಂಬಿ ಧಾರವಾಡದಿಂದ ರೈಲಿನಲ್ಲಿ ತಂದವನೂ ಅವನೇ. ಪುಣೆಯಲ್ಲಿದ್ದ ನಮ್ಮ ಜನರ ಮದುವೆಯ ಕರೆಯೋಲೆ, ಭಜನೆಯ ಪುಸ್ತಕ, ಎಲ್ಲ ಅವನ ಬೆರಳಿನಿಂದಲೇ ಹೊರಗೆ ಬರಬೇಕು. ಮರಾಠಿಯನ್ನು ಅವನು ಮಾತಾಡಬಲ್ಲ, ಜೋಡಿಸಲಾರ. ಕನ್ನಡ ಮೊಳೆ ಇರುವ ತನಕ ಅವನ ಅನ್ನ ಇತ್ತು, ಅಷ್ಟೆ.

ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ ಆ ಅನ್ನಕ್ಕೆ ಕಲ್ಲು ಬಿತ್ತು. ದೇಹೂ ರೋಡಿನ ಮಿಲಿಟರಿಯವರು ಗಾಡಿಗಟ್ಟಲೆ ಇಂಗ್ಲಿಷ್ ನಮೂನೆಗಳನ್ನು ಅಚ್ಚು ಮಾಡಿಸತೊಡಗಿದರು, ಸೀಸ ಪೇಟೆಯಲ್ಲಿ ಸಿಗದಂತಾಯಿತು. ಛಾಪಖಾನೆಯ ಯಜಮಾನ ಮಾರ್ತಾಂಡರಾಯರು ಒಂದು ದಿನ ರಾಮಲಿಂಗಪ್ಪನ ಮೊಳೆಖಾನೆಗಳ ಕೇಸಿನ ಮುಂದೆ ಬಂದು ನಿಂತು, ಮರಾಠಿಯಲ್ಲಿ ಖಡಾಖಡಿ ಹೇಳಿದರು: ನೀನು ಜೋಡಿಸುತ್ತಿರುವ ಆ ಅಪ್ಪಾಸಾಹೇಬರ ಕಾದಂಬರಿ ದಸರೆಯೊಳಗೆ ಮುಗಿಯಬೇಕು. ಮುಗಿದರೆ, ಅದನ್ನು ನೋಡಿ ಕನ್ನಡದವರು ಇನ್ನೊಂದು ಪುಸ್ತಕ ತಂದಾರು, ಮೊಳೆ ಇರಲಿ. ಮುಗಿಯದಿದ್ದರೆ ಎಲ್ಲ ಕರಗಿಸಿ ಇಂಗ್ಲಿಷ್ ಅಕ್ಷರ ಎರಕ ಹಾಕಿಸುತ್ತೇನೆ. "ಬಸ್ ಝಾಲಂ!" ಸಾಕು, ಇನ್ನು ಮಾತಿಲ್ಲ.

ಕಾದಂಬರಿ ಮುಗಿಸುವುದು ರಾಮಲಿಂಗಪ್ಪನ ಕೈಯಲ್ಲಿತ್ತೇ? ಅದು ಅಪ್ಪಾಸಾಹೇಬರ ಕೈಯಲ್ಲಿತ್ತು. ಅವರ ಕೈಯಲ್ಲೂ ಇರಲಿಲ್ಲ ಎಂಬುದೇ ಇಲ್ಲಿನ ಗೋಳು.

ಅಪ್ಪಾಸಾಹೇಬರು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್, ಬೆಳಗಾವಿ ಕಡೆಯವರು. ಇಡೀ ಕಾದಂಬರಿ ಬರೆದು ತಂದುಕೊಡುವ ಜಾತಿ ಅಲ್ಲ. ವಾರಕ್ಕೆ ಎರಡು ಸಲ, ಕಚೇರಿಗೆ ಹೋಗುವ ಮುಂದೆ, ಮಸಿ ಆರದ ನಾಲ್ಕು ಹಾಳೆ ತಂದು ಕೊಡುತ್ತಿದ್ದರು. "ಮುಂದೇನಾಗ್ತದ್ರಿ ಸಾಹೇಬ್ರ?" ಎಂದು ಕೇಳಿದರೆ ಮೀಸೆಯಲ್ಲೇ ನಗುತ್ತಿದ್ದರು.

"ನನಗೇನ್ ಗೊತ್ತೋ ರಾಮಲಿಂಗಪ್ಪಾ? ಮೊದಲs ಗೊತ್ತಿದ್ರ ಬರೆಯೂದ್ಯಾಕ? ಕಥಿ ತಾನs ಬರಬೇಕು, ತಾನs ನಡೀಬೇಕು. ನಾ ಬರೇ ಹಿಂದ ಹೋಗಾಂವ."

ಹಿಂದೆ ಹೋಗಲಿ, ಬೇಡ ಅಂದವರು ಯಾರು? ಆದರೆ ಛಾಪಖಾನೆಯ ಹಿಂದೆ ಮುಂದೆ ಅವರಿಗೆ ತಿಳಿಯುತ್ತಿರಲಿಲ್ಲ. ಇದ್ದ ಕನ್ನಡ ಮೊಳೆ ಎಂಟು ಪುಟಕ್ಕೆ ಸಾಕಾಗುತ್ತಿದ್ದದ್ದೇ ಹೆಚ್ಚು. ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಮೊಳೆಗಳನ್ನು ಮತ್ತೆ ಖಾನೆಗೆ ತುಂಬಿದ ಮೇಲೆಯೇ ಮುಂದಿನ ಎಂಟು. ಅಚ್ಚಾದದ್ದು ಅಚ್ಚಾಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ಹೀಗಿರುವಾಗ ಈ ಪುಣ್ಯಾತ್ಮರು ನಲವತ್ತನೆಯ ಪುಟದಲ್ಲಿ ಪ್ಲೇಗಿನಿಂದ ಸತ್ತುಹೋದ ನಾಯಕಿಯ ತಂದೆಯನ್ನು ತೊಂಬತ್ತಾರನೆಯ ಪುಟದಲ್ಲಿ ಮಗಳ ಮದುವೆಗೆ ಅಕ್ಷತೆ ಹಾಕಲು ಕರೆತಂದರು!

"ಮುದುಕ ಸತ್ತಾನ್ರೀ," ಎಂದ ರಾಮಲಿಂಗಪ್ಪ.

"ಸತ್ತಾನ? ಯಾವಾಗ?" ಅಪ್ಪಾಸಾಹೇಬರು ನಿಜವಾಗಿಯೂ ಗಾಬರಿಯಾದರು. "ಏ, ಬದುಕಿಸೋ ಮಾರಾಯಾ. ಆ ಪುಟಾ ಬದಲಿ ಮಾಡು."

"ಅದು ಅಚ್ಚಾಗಿ ಮೂರು ತಿಂಗಳಾತ್ರೀ."

ಕಡೆಗೆ ಅಕ್ಷತೆ ಹಾಕಲು ಎಲ್ಲಿಂದಲೋ ತಂದೆಯ ತದ್ರೂಪಿ ತಮ್ಮ, ಒಬ್ಬ ಅವಳಿಜವಳಿ ಕಾಕಾ ಹುಟ್ಟಿಬಂದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇಲ್ಲಿ ಅಪ್ಪನೂ ಹೋಗಿ ಕಾಕಾ ಆಯಿತು. ನಾಯಕಿಗೋ ಪ್ರಫುಲ್ಲಾ ಎಂದು ಹೆಸರಿಟ್ಟಿದ್ದರು. ಖಾನೆಯಲ್ಲಿದ್ದ 'ಫ' ಮೊಳೆಗಳು ಮೂವತ್ತೂ ಇರಲಿಲ್ಲ. ಆಕೆ ಎರಡು ಸಲ ಹೆಚ್ಚು ಅತ್ತರೆ ಅಕ್ಷರ ಮುಗಿದು, ರಾಮಲಿಂಗಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ.

ಹೀಗೆ ಇನ್ನೂರ ಅರವತ್ತನಾಲ್ಕು ಪುಟ ಬಂತು. ಇನ್ನು ಎಂಟೇ ಪುಟ. ಪ್ರಫುಲ್ಲಾ ಪುಣೆಯಲ್ಲಿ ಗಂಡನೊಡನೆ ಜಗಳ ಮಾಡಿ, ತವರಿಗೆಂದು ಹೊರಟು, ಮಿರಜ ಸ್ಟೇಷನ್ನಿನಲ್ಲಿ ಇಳಿದಳು. ಒಂದು ಕಡೆ ಪುಣೆಗೆ ತಿರುಗಿ ಹೋಗುವ ಗಾಡಿ, ಇನ್ನೊಂದು ಕಡೆ ಬೆಳಗಾವಿಗೆ ಹೋಗುವ ಗಾಡಿ. "ಯಾವುದನ್ನು ಹತ್ತಲಿ?" ಎಂದು ಆಕೆ ನಿಟ್ಟುಸಿರು ಬಿಟ್ಟಳು. ಅಲ್ಲಿಗೆ ಅಪ್ಪಾಸಾಹೇಬರು ನಿಂತುಬಿಟ್ಟರು.

ಒಂದು ವಾರ ಹಾಳೆ ಬರಲಿಲ್ಲ. ಎರಡು ವಾರ. ಮೂರು. ರಾಮಲಿಂಗಪ್ಪನಿಗೆ ಹೆಂಡತಿ ಪಾರವ್ವನ ಕಾಟ ಬೇರೆ. ಆಕೆಗೆ ಓದು ಬಾರದು. ಹಗಲಿಡೀ ಗಂಡ ಜೋಡಿಸಿದ ಕಥೆಯನ್ನು ಊಟದ ಹೊತ್ತಿಗೆ ಕೇಳುವುದು ಆಕೆಯ ರೂಢಿ.

"ಆ ಪರಪುಲ್ಲಾ ಏನ್ ಮಾಡಿದ್ಳರೀ?"

"ನಿಂತಾಳ."

"ಇನ್ನೂ? ಕಾಲು ಬಾತು ಹೋಗ್ತಾವಲ್ರೀ! ಕುಂದರಸ್ರಿ ಅಂತನರೆ ಹೇಳ್ರಿ ಅವರಿಗೆ."

ದಸರೆಗೆ ಎಂಟು ದಿನ ಉಳಿದಾಗ ರಾಮಲಿಂಗಪ್ಪ ಮಾನ ಮರ್ಯಾದೆ ಬಿಟ್ಟು ರಾಸ್ತಾ ಪೇಠೆಯಲ್ಲಿದ್ದ ಅಪ್ಪಾಸಾಹೇಬರ ಮನೆಗೇ ಹೋದ. ಅವರು ಆರಾಮಕುರ್ಚಿಯಲ್ಲಿ ಮಲಗಿ ಸೂರು ನೋಡುತ್ತಿದ್ದರು.

"ಸಾಹೇಬ್ರ, ಆಕೀನ್ನ ಯಾವುದರೆ ಒಂದು ಗಾಡಿ ಹತ್ತಸ್ರಿ. ಯಾವುದಾದ್ರೂ ಆದೀತು. ಮೊಳಿ ಕರಗಸ್ತಾರಂತ, ನನ್ನ ಹೊಟ್ಟಿ ಮ್ಯಾಲ ಕಾಲು ಬೀಳ್ತದ್ರಿ."

"ನಾ ಹತ್ತಸಾಂವ ಅಲ್ಲೋ! ಆಕೀನs ಹತ್ತಬೇಕು," ಎಂದು ಅಪ್ಪಾಸಾಹೇಬರು ಕೈಚೆಲ್ಲಿದರು. "ಆಕಿ ನನ್ನ ಕೂಡ ಮಾತು ಬಿಟ್ಟಾಳ. ಜ್ವರಾ ಬಂದ್ಹಾಂಗ ಆಗೇದ ನನಗ. ಬರದದ್ದೂ ನೆನಪಿಲ್ಲ, ಹರದದ್ದೂ ನೆನಪಿಲ್ಲ. ಹೋಗು ನೀ."

ಹೋದ. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಹೋದ. ಮನೆ ಕಟ್ಟುವವನು ಬಾಗಿಲು ಎಲ್ಲಿ ಎಂದು ಮೊದಲೇ ಗುರುತು ಹಾಕುವುದಿಲ್ಲವೇ? ಅಂಗಿ ಹೊಲಿಯುವ ದರ್ಜಿಯೂ ಅಳತೆ ಹಿಡಿಯುತ್ತಾನೆ. ಇವರಿಗೊಬ್ಬರಿಗೇ ಯಾವ ಅಳತೆಯೂ ಬೇಡವೇ? ಇವರ ನಾಯಕಿ ಮಾತು ಬಿಟ್ಟಳೆಂದು ನಾನು ಉಪವಾಸ ಬೀಳಬೇಕೇ?

ಮರುದಿನ ಬೆಳಿಗ್ಗೆ ಅವನು ಕೇಸಿನ ಮುಂದೆ ನಿಂತು, ಒಂದು ಹಳೆಯ ಕರೆಯೋಲೆಯ ಹಾಳೆಯನ್ನು ಎದುರಿಗೆ ಸಿಕ್ಕಿಸಿದ. ನೋಡಿದವರಿಗೆ ಹಸ್ತಪ್ರತಿ ಇದೆ ಎಂದು ಕಾಣಬೇಕಲ್ಲ. ಆಮೇಲೆ ಮೊಳೆಗೆ ಕೈ ಹಾಕಿದ. ತಾನೇ ಆಕೆಯನ್ನು ಗಾಡಿ ಹತ್ತಿಸಿ ಮುಗಿಸಿಬಿಡುವುದು ಎಂದು ಅವನ ಎಣಿಕೆ. ಮಹಾ ಏನು, ಎಂಟು ಪುಟ!

ಪುಣೆಯ ಗಾಡಿ ಹತ್ತಿಸಿದ. ಆರು ಸಾಲು ಆಗುವಷ್ಟರಲ್ಲಿ ಆ ಗಂಡನ ಮುಖ ನೆನಪಾಗಿ, ಥೂ, ಬೇಡ ಎನ್ನಿಸಿ ಬಿಚ್ಚಿ ಹಾಕಿದ. ಬೆಳಗಾವಿಯ ಗಾಡಿ ಹತ್ತಿಸಿದ. ತವರಲ್ಲಿ ತಂದೆ ಸತ್ತಿದ್ದಾನೆ, ಅವಳಿಜವಳಿ ಕಾಕಾನನ್ನು ನಂಬುವವರು ಯಾರು? ಅದನ್ನೂ ಬಿಚ್ಚಿದ. ಮಧ್ಯಾಹ್ನವಾಯಿತು. ಬೆವರು ಇಳಿಯುತ್ತಿತ್ತು. ಸಿಟ್ಟಿನಿಂದ ಕೈ ತಾನಾಗಿ 'ಹ' ಎತ್ತಿಕೊಂಡಿತು, ಆಮೇಲೆ 'ಸಿ', ಆಮೇಲೆ 'ವು'. ಆಕೆಗೆ ಹಸಿವಾಯಿತು.

ಅರೆ! ಇನ್ನೂರ ಅರವತ್ತನಾಲ್ಕು ಪುಟದಲ್ಲಿ ಈ ಹೆಣ್ಣುಮಗಳು ಒಂದು ತುತ್ತೂ ಉಂಡಿರಲಿಲ್ಲ. ರಾಮಲಿಂಗಪ್ಪ ಆಕೆಯನ್ನು ಬೆಂಚಿನ ಮೇಲೆ ಕೂರಿಸಿದ. ಗಂಟು ಬಿಚ್ಚಿಸಿ, ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿಸಿದ. ಆಕೆ ಉಣ್ಣುತ್ತಿರುವಾಗ ಪುಣೆಯ ಗಾಡಿ ಬಂತು, ಹೋಯಿತು. ಬೆಳಗಾವಿಯದೂ ಬಂತು, ಹೋಯಿತು. ಎರಡನ್ನೂ ಆಕೆ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ನೋಡಿದಳು. ಬೆಂಚಿನ ಪಕ್ಕದಲ್ಲಿ ರೊಟ್ಟಿ ಮಾರುತ್ತ ಕೂತ ಒಬ್ಬ ಮುದುಕಿ ಎಲ್ಲಿಂದ ಬಂದಳೋ ರಾಮಲಿಂಗಪ್ಪನಿಗೇ ತಿಳಿಯಲಿಲ್ಲ. ಪ್ರಫುಲ್ಲಾ ಕೈ ತೊಳೆದು ಬಂದು ಆಕೆಯ ಮುಂದೆ ಕೂತು, "ಅಜ್ಜಿ, ರೊಟ್ಟಿ ಬಡಿಯಲು ನಿನಗೊಬ್ಬಳು ಜೊತೆ ಬೇಕೇನು?" ಎಂದು ಕೇಳಿದಳು.

ಐದು ದಿನ ಹಿಡಿಯಿತು. 'ಫ' ಮುಗಿದಲ್ಲೆಲ್ಲ 'ಆಕೆ' ಎಂದು ಹಾಕಿದ. ಮುಂದಿನ ಸಾಲು ಏನೆಂದು ಒಮ್ಮೆಯೂ ಅವನಿಗೆ ಮೊದಲೇ ಗೊತ್ತಿರಲಿಲ್ಲ, ಆದರೂ ಬರುತ್ತಿತ್ತು. ಆ ಅಪ್ಪಾಸಾಹೇಬರು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಹೊಳೆದಾಗ ಅವನ ಸಿಟ್ಟು ಇಮ್ಮಡಿಯಾಯಿತು. ಆದರೆ ಎಂಟನೆಯ ಪುಟದ ಕೆಳಗೆ 'ಮುಗಿಯಿತು' ಎಂದು ಜೋಡಿಸಿದಾಗ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ತಾನು ಜೋಡಿಸಿದ್ದನ್ನು ತಾನೇ ಮತ್ತೊಮ್ಮೆ ಓದಿದ. ಅವನಿಗೆ ಭಾಳ ಸಂತೋಷವಾಗಿತ್ತು. ಯಾರಿಗಾದರೂ ಹೇಳಬೇಕು ಎನ್ನಿಸಿತ್ತು.

ಬರೆದವರ ಸಹಿ ಇಲ್ಲದೆ ಮಾರ್ತಾಂಡರಾಯರು ಅಚ್ಚಿಗೆ ಬಿಡುತ್ತಿರಲಿಲ್ಲ. ದಸರೆಗೆ ಒಂದು ದಿನ ಮುಂಚೆ ಆ ಪುಟಗಳ ಕರಡಚ್ಚು, ಪ್ರೂಫ್, ಹಿಡಿದುಕೊಂಡು ರಾಸ್ತಾ ಪೇಠೆಗೆ ಹೋದ. ಇದ್ದದ್ದು ಇದ್ದ ಹಾಗೆ ಹೇಳಿ, ಕಾಲು ಹಿಡಿದು ಸಹಿ ಮಾಡಿಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡಿದ್ದ. ಬಾಯಿ ತೆರೆಯುವ ಮೊದಲೇ ಅಪ್ಪಾಸಾಹೇಬರು ಹಾಳೆ ಕಿತ್ತುಕೊಂಡು ಓದತೊಡಗಿದರು. ಓದುತ್ತ ಓದುತ್ತ ಎದ್ದು ಕುಳಿತರು. ರೊಟ್ಟಿಯ ಹತ್ತಿರ ಬಂದಾಗ ಅವರ ಕಣ್ಣಲ್ಲಿ ನೀರು ಬಂತು.

"ನೋಡಿದ್ಯಾ?" ಎಂದರು. "ಇದನ್ನ ಯಾವಾಗ ಬರದ್ನೋ ನನಗ ನೆನಪs ಇಲ್ಲ! ಜ್ವರದಾಗs ಬರದು ಕಳಿಸೀನಿ. ತಾನs ಬರ್ತದಂತ ನಾ ಹೇಳ್ತಿದ್ದಿಲ್ಲೇನು? ಈ ಚಟ್ನಿ ನೋಡು, ನಮ್ಮವ್ವನ ಕೈದು ಇದು!"

ಅದು ಪಾರವ್ವನ ಕೈಯದು ಎಂಬ ಮಾತು ರಾಮಲಿಂಗಪ್ಪನ ನಾಲಿಗೆಯ ತುದಿಗೆ ಬಂತು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದನೋ, ಈ ಅಭಿಮಾನಿ ಮನುಷ್ಯ ಎಂಟೂ ಪುಟ ಹರಿದು ಬಿಸಾಡಿ ಮತ್ತೆ ಸೂರು ನೋಡುತ್ತ ಮಲಗುತ್ತಾನೆ. ಪ್ರಫುಲ್ಲಾ ಹೋಗಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲುತ್ತಾಳೆ. ನಾಳೆ ಮೊಳೆ ಒಲೆಗೆ ಬೀಳುತ್ತದೆ. ಅವನು ಪೆನ್ಸಿಲ್ ಮುಂದೆ ಚಾಚಿದ.

ಅಪ್ಪಾಸಾಹೇಬರು ಉದ್ದನೆಯ ಸಹಿ ಮಾಡಿದರು. ಆಮೇಲೆ ಕೈ ಒಡ್ಡಿದರು.

"ನಾ ಬರದ ಹಾಳಿ ಎಲ್ಲೆ? ಇದನ್ನ ಕಾಯ್ದ ಇಡಬೇಕು. ಕೊಡು."

ರಾಮಲಿಂಗಪ್ಪ ಪೆನ್ಸಿಲ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡ. "ಮಸಿ ಹತ್ತಿ ಹಾಳಾದ್ವು," ಎಂದ. "ಕಸಕ್ಕ ಒಗದ್ನಿರೀ."

"ಒಗದ್ಯಾ?" ಅಪ್ಪಾಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಕತ್ತೀ! ಇಡೀ ಪುಸ್ತಕದಾಗ ಇಷ್ಟ ಚಲೋ ಬರದಿದ್ನಲ್ಲೋ! ಅಕ್ಷರಾ ಮುಟ್ಟಿ ಮುಟ್ಟಿ ನಿನ್ನ ಬೆರಳು ಕರ್ರಗಾದ್ವು, ಅಕ್ಷರದ ಕಿಮ್ಮತ್ತು ಮಾತ್ರ ನಿನಗ ತಿಳೀಲಿಲ್ಲ. ಬರದವ್ರ ಸಂಕಟಾ ಏನಂತ ನಿನಗೇನ್ ಗೊತ್ತು?"

ರಾಮಲಿಂಗಪ್ಪ ಪ್ರೂಫನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗಿನ ಕಿಸೆಯಲ್ಲಿ ಇಟ್ಟುಕೊಂಡ.

"ತಪ್ಪಾತ್ರೀ ಸಾಹೇಬ್ರ," ಎಂದ.